ಮಳೆಗೆ ಮುಂಚೆ ಎಷ್ಟು ಬಾಟಲಿ? ಸಣ್ಣ ವ್ಯಾಪಾರದವರು ಗುರಿ ಇಟ್ಟು ಕೆಲಸ ಮಾಡುವ ಬಗೆ

ಶಿರಸಿ ಪೇಟೆಯಲ್ಲೋ ಕುಮಟಾದಲ್ಲೋ ಅಂಗಡಿ ಇಟ್ಟವರನ್ನು ಯುಗಾದಿ ಹೊತ್ತಿಗೆ ಕೇಳಿ ನೋಡಿ, "ಈ ವರ್ಷ ಏನು ಅಂದ್ಕೊಂಡಿದ್ದೀರಿ?" ಅಂತ. ಹತ್ತರಲ್ಲಿ ಎಂಟು ಜನ ಒಂದೇ ಮಾತು ಹೇಳುತ್ತಾರೆ. "ವ್ಯಾಪಾರ ಸ್ವಲ್ಪ ಜಾಸ್ತಿ ಆಗ್ಬೇಕು." ಸ್ವಲ್ಪ ಅಂದರೆ ಎಷ್ಟು? ಯಾವಾಗಿನೊಳಗೆ? ಅದಕ್ಕೆ ನಾಳೆ ಬಾಗಿಲು ತೆಗೆದ ಕೂಡಲೇ ಏನು ಮಾಡಬೇಕು? ಅಲ್ಲಿಗೆ ಮಾತು ನಿಲ್ಲುತ್ತದೆ. ಮುಂದಿನ ಯುಗಾದಿಗೂ ಅದೇ ಉತ್ತರ.

ಗುರಿ ಅಂದ ತಕ್ಷಣ ಕೆಲವರಿಗೆ ದೊಡ್ಡ ಕಂಪನಿ, ಕೋಟು ಹಾಕಿದ ಮಾತುಗಾರರು, ಗೋಡೆಗೆ ಅಂಟಿಸಿದ ಪೋಸ್ಟರು ನೆನಪಾಗುತ್ತವೆ. ಅಂಥ ಭಾಷಣಗಳಲ್ಲಿ ಒಂದು ಕಥೆ ತಪ್ಪದೆ ಬರುತ್ತದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ 1953ರ ವಿದ್ಯಾರ್ಥಿಗಳಲ್ಲಿ ಶೇ 3ರಷ್ಟು ಮಂದಿ ಮಾತ್ರ ಗುರಿ ಬರೆದಿಟ್ಟಿದ್ದರಂತೆ, 20 ವರ್ಷದ ಮೇಲೆ ಉಳಿದ ಶೇ 97ರಷ್ಟು ಜನರ ಒಟ್ಟು ಆಸ್ತಿಗಿಂತ ಇವರ ಆಸ್ತಿಯೇ ಹೆಚ್ಚಾಗಿತ್ತಂತೆ. ಅಂಥ ಅಧ್ಯಯನ ನಡೆದೇ ಇಲ್ಲ. ಹಾಗಾಗಿ ಬರೆದಿಟ್ಟರೆ ಸಾಕು, ಹಣ ತಾನಾಗಿ ಬರುತ್ತದೆ ಎಂಬ ಮಾತನ್ನು ಬದಿಗಿಡೋಣ. ಇಲ್ಲಿ ಹೇಳುವುದು ಲೆಕ್ಕದ ಪುಸ್ತಕದಿಂದ ಹೊರಟು ವಾರದ ಕೆಲಸದವರೆಗೆ ಬರುವ ದಾರಿ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಆ ದಾರಿಗೆ ಇನ್ನೊಂದು ತಿರುವು ಇದೆ: ಮಳೆ. ಜೂನ್ ಬಂತೆಂದರೆ ಇಲ್ಲಿನ ಅರ್ಧ ವ್ಯಾಪಾರದ ಲೆಕ್ಕವೇ ಬದಲಾಗುತ್ತದೆ.

ಮೊದಲು ಹಳೆ ಲೆಕ್ಕ ತೆಗೆಯಿರಿ

ಗುರಿ ಬರೆಯುವ ಮೊದಲು ಹಿಂದಿನ ಎರಡು ವರ್ಷದ ಮಾರಾಟವನ್ನು ತಿಂಗಳು ತಿಂಗಳು ಬೇರೆ ಮಾಡಿ ಬರೆದುಕೊಳ್ಳಿ. ಒಂದು ವರ್ಷದ್ದು ಸಾಲದು. ಪುಸ್ತಕ ಇಲ್ಲದಿದ್ದರೆ ಬ್ಯಾಂಕ್ ಪಾಸ್‌ಬುಕ್, ಫೋನ್‌ಪೇ ಹಿಸ್ಟರಿ, ಸಕ್ಕರೆ ತಂದ ಬಿಲ್ಲು, ಯಾವುದಾದರೂ ಆದೀತು. ಪೈಸೆ ಪೈಸೆ ಹೊಂದಬೇಕೆಂದಿಲ್ಲ. ಯಾವ ತಿಂಗಳು ಏರಿತು, ಯಾವ ತಿಂಗಳು ಬಿತ್ತು ಅನ್ನುವುದು ಕಂಡರೆ ಆಯಿತು.

ಎರಡು ವರ್ಷ ಯಾಕೆ ಅಂದರೆ, ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. 2024ರ ಮಾರ್ಚ್‌ನಲ್ಲಿ ಜಾತ್ರೆ ಇತ್ತು, 2025ರಲ್ಲಿ ಇರಲಿಲ್ಲ. ಬಳೆ, ಬಟ್ಟೆ, ತಿಂಡಿ, ಆಟಿಕೆ ಮಾರುವವರು 2025ರ ಮಾರ್ಚ್ ತಿಂಗಳನ್ನು 2024ರ ಮಾರ್ಚ್ ಜೊತೆ ಹೋಲಿಸಿದರೆ ಅಂಗಡಿ ಮುಳುಗಿದ ಹಾಗೆ ಕಾಣುತ್ತದೆ. ಅದೇ 2026ನ್ನು 2025ರ ಜೊತೆ ಇಟ್ಟರೆ ಭಾರಿ ಏರಿಕೆ ಆದ ಹಾಗೆ ಕಾಣುತ್ತದೆ. ಎರಡೂ ಸುಳ್ಳು. ಜಾತ್ರೆ ವರ್ಷವನ್ನು ಜಾತ್ರೆ ವರ್ಷದ ಜೊತೆಗೇ ತೂಗಬೇಕು. "ಹೋದ ವರ್ಷಕ್ಕಿಂತ ಶೇ 20 ಜಾಸ್ತಿ" ಎಂಬ ಗುರಿ ದೊಡ್ಡ ಊರಿನ ಮಾಲ್‌ಗೆ ಸರಿಹೋದೀತು. ನಮ್ಮಲ್ಲಿ ಅದನ್ನು ಕಣ್ಣು ಮುಚ್ಚಿ ಬರೆದರೆ ಒಂದು ವರ್ಷ ಸುಮ್ನೆ ಬೀಗುತ್ತೀರಿ, ಇನ್ನೊಂದು ವರ್ಷ ಸುಮ್ನೆ ಕೊರಗುತ್ತೀರಿ.

ಕರಾವಳಿಗೆ ಬಂದರೆ ಲೆಕ್ಕ ಇನ್ನೊಂದು ಥರ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಕಾರವಾರದ ಬೈತಖೋಲ್ ಬಂದರಿನ ಹತ್ತಿರ ಐಸ್ ಮಾರುವವರಿಗೆ, ಬಲೆ ರಿಪೇರಿಯವರಿಗೆ, ಬಂದರಿನ ಜನರನ್ನೇ ನಂಬಿದ ಚಹಾದಂಗಡಿಗೆ ಆ ಎರಡು ತಿಂಗಳ ಚಿತ್ರವೇ ಬೇರೆ. ವರ್ಷಕ್ಕೆ 6 ಲಕ್ಷ ಬೇಕೆಂದು 12ರಿಂದ ಭಾಗಿಸಿ ತಿಂಗಳಿಗೆ 50,000 ಅಂತ ಬರೆದುಕೊಂಡವನು ಮೇ ತಿಂಗಳವರೆಗೂ ಎಲ್ಲ ಸರಿ ಇದೆ ಎಂದೇ ನಂಬಿರುತ್ತಾನೆ. ಅವನು ಭಾಗಿಸಬೇಕಾದದ್ದು 10ರಿಂದ. ತಿಂಗಳಿಗೆ 60,000.

ಈ ಹಂತದಲ್ಲೇ ಉದ್ರಿಯನ್ನೂ ಬೇರೆ ಪಟ್ಟಿ ಮಾಡಿ. ಯಾರು, ಎಷ್ಟು, ಎಂದಿನಿಂದ. ಮಾರಾಟ ಏರಿದೆ, ಕೈಯಲ್ಲಿ ದುಡ್ಡಿಲ್ಲ ಎನ್ನುವವರ ಪುಸ್ತಕ ನೋಡಿದರೆ ಸಾಮಾನ್ಯವಾಗಿ ಉತ್ತರ ಉದ್ರಿ ಪುಟದಲ್ಲೇ ಸಿಗುತ್ತದೆ. ಅಂಥವರಿಗೆ ಈ ವರ್ಷದ ಗುರಿ ಹೊಸ ಗಿರಾಕಿ ಅಲ್ಲವೇ ಅಲ್ಲ, ಹಳೆ ಬಾಕಿಯ ವಸೂಲಿ.

ಬೇಕಾದ ದುಡ್ಡಿನಿಂದ ಬಾಟಲಿಗೆ ಬನ್ನಿ

ಈಗ ಒಂದು ಉದಾಹರಣೆ ಹಿಡಿದು ಕೊನೆವರೆಗೂ ಹೋಗೋಣ. ಶಿರಸಿ ಹತ್ತಿರದ ಹಳ್ಳಿಯಲ್ಲಿ ಒಬ್ಬ ಅಕ್ಕ ಮನೆಯಲ್ಲೇ ಮುರುಗಲು ಸಿರಪ್ ಮಾಡುತ್ತಾರೆ ಅಂದುಕೊಳ್ಳಿ. ಕರಾವಳಿಯವರು ಕೋಕಂ ಅನ್ನುತ್ತಾರಲ್ಲ, ಅದೇ ಹಣ್ಣು. ಅಂಕಿಗಳು ಲೆಕ್ಕ ಸುಲಭವಾಗಲಿ ಎಂದು ನಾನೇ ಇಟ್ಟವು. ನಿಮ್ಮ ಅಂಕಿ ಹಾಕಿ ನೋಡುವುದು ನಿಮ್ಮ ಕೆಲಸ.

ಆ ಅಕ್ಕನಿಗೆ ಈ ಸೀಸನ್ನಿನಿಂದ 60,000 ರೂಪಾಯಿ ಉಳಿಯಬೇಕು. ಮಗಳ ಕಾಲೇಜು ಫೀಸಿಗೆ. ಅಂಗಡಿಗೆ ಒಂದು ಬಾಟಲಿ 120ಕ್ಕೆ ಕೊಡುತ್ತಾರೆ. ಹಣ್ಣು, ಸಕ್ಕರೆ, ಬಾಟಲಿ, ಲೇಬಲ್ಲು, ಗ್ಯಾಸು, ಸಾಗಾಟ, ಕೂಲಿ ಎಲ್ಲ ಸೇರಿ ಖರ್ಚು 80. ಉಳಿಯುವುದು 40. ಹೋದ ವರ್ಷ ಮಾರಿದ್ದು 900 ಬಾಟಲಿ, ಅಂದರೆ 36,000. ಈ ವರ್ಷ 60,000 ಬೇಕಾದರೆ 1,500 ಬಾಟಲಿ.

ಇಲ್ಲಿ ಕೂಲಿ ಅಂದೆನಲ್ಲ, ಅದರಲ್ಲಿ ಮನೆಯವರ ಕೂಲಿಯೂ ಸೇರಬೇಕು. ಅತ್ತೆ ಹಣ್ಣು ಬಿಡಿಸಿಕೊಟ್ಟರು, ಮಗ ಬಾಟಲಿ ತೊಳೆದ, ತಾವು ಬೆಳಗಿನ ಜಾವದಿಂದ ಒಲೆ ಮುಂದೆ ನಿಂತರು. ನಮ್ಮ ಮನೆ ಉದ್ಯಮಗಳಲ್ಲಿ ಇದನ್ನು ಯಾರೂ ಬರೆಯುವುದಿಲ್ಲ. ಬರೆಯದೆ ಬೆಲೆ ಕಟ್ಟುತ್ತಾರೆ. ಮುಂದೆ ಅತ್ತೆಗೆ ಮೊಣಕಾಲು ನೋವು ಬಂದು ಹೊರಗಿನವರನ್ನು ಕರೆಸಿದ ದಿನ ಲಾಭ ಮಾಯ. ಹಪ್ಪಳ, ಉಪ್ಪಿನಕಾಯಿ, ಚಿಪ್ಸು ಮಾಡುವ ಮನೆಗಳಲ್ಲಿ ನನಗೆ ತುಂಬ ಬೇಸರ ತರಿಸುವ ಸಂಗತಿ ಇದೇ. ಹೆಂಗಸರ ದುಡಿಮೆಗೆ ಸೊನ್ನೆ ಹಾಕಿ "ಒಳ್ಳೆ ಉಳಿಕೆ ಇದೆ" ಎನ್ನುವುದು.

ಮುಂದಿನ ಪ್ರಶ್ನೆ: 1,500 ಬಾಟಲಿ ಮಾಡಲು ಆಗುತ್ತದೆಯೇ? ಆ ಅಡಿಗೆಮನೆಯಲ್ಲಿ ದಿನಕ್ಕೆ 40 ಬಾಟಲಿ ತುಂಬಿಸಬಹುದು. ಹಾಗಾದರೆ 38 ದಿನದ ಕೆಲಸ. ಮುರುಗಲು ಹಣ್ಣಾಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಒಳ್ಳೆ ಹಣ್ಣು ಸಿಗುವ ದಿನ ಸುಮಾರು 45 ಎಂದಿಟ್ಟುಕೊಳ್ಳಿ. ಮದುವೆ, ಉಪನಯನಗಳ ಕಾಲವೂ ಅದೇ ಅಲ್ವಾ. ಒಂದು ವಾರ ನೆಂಟರಿಷ್ಟರ ಮನೆಗೇ ಹೋಗುತ್ತದೆ. ಉಳಿದದ್ದು 38 ದಿನ. ಸರಿಯಾಗಿ ಅಷ್ಟೇ. ಒಂದು ದಿನ ಕರೆಂಟು ಕೈಕೊಟ್ಟರೆ, ಒಂದು ದಿನ ಅಕಾಲ ಮಳೆ ಬಂದರೆ ಗುರಿ ತಪ್ಪಿತು.

ಗುರಿಯನ್ನು ಕಾಗದದ ಮೇಲೆ ಬಿಡಿಸಿ ನೋಡುವುದರ ಪ್ರಯೋಜನ ಇಲ್ಲಿ ಗೊತ್ತಾಗುತ್ತದೆ. "ಇನ್ನೂ ಜಾಸ್ತಿ ಮಾಡ್ಬೇಕು" ಎಂದಷ್ಟೇ ಇದ್ದಿದ್ದರೆ ಅಕ್ಕ ಏಪ್ರಿಲ್‌ನಿಂದ ನಿದ್ದೆಗೆಟ್ಟು ದುಡಿಯುತ್ತಿದ್ದರು. ಅಂಕಿ ಕಂಡದ್ದರಿಂದ ಬೇರೆ ದಾರಿ ಹುಡುಕಬಹುದು.

ಒಂದು ದಾರಿ ಬೆಲೆ. ಬಾಟಲಿಗೆ 5 ರೂಪಾಯಿ ಏರಿಸಿದರೆ ಉಳಿಕೆ 45. ಆಗ 1,334 ಬಾಟಲಿ ಸಾಕು, 34 ದಿನ. ಐದೇ ರೂಪಾಯಿಗೆ ನಾಲ್ಕು ದಿನದ ದುಡಿಮೆ ಉಳಿಯಿತು. ಇನ್ನೊಂದು ದಾರಿ ನೇರ ಮಾರಾಟ. ಅಂಗಡಿಯನ್ನು ಬಿಟ್ಟು ಗಿರಾಕಿಗೆ ನೇರ 150ಕ್ಕೆ ಕೊಟ್ಟರೆ ಬಾಟಲಿಗೆ 70 ಉಳಿಯುತ್ತದೆ. ಹಾಗೆ 300 ಬಾಟಲಿ ಹೋದರೆ 21,000. ಉಳಿದ 39,000ಕ್ಕೆ ಅಂಗಡಿಗೆ 975 ಬಾಟಲಿ. ಒಟ್ಟು 1,275 ಬಾಟಲಿ, 32 ದಿನ. ಆರು ದಿನ ಕೈಯಲ್ಲಿ ಉಳಿದವು.

ನಾನಾದರೆ ಎರಡನೆಯ ದಾರಿ ಹಿಡಿಯುತ್ತೇನೆ. ಅಂಗಡಿಯವರ ಜೊತೆ ಬೆಲೆ ಜಗ್ಗಾಡುವುದಕ್ಕಿಂತ ಹೊಸ ಗಿರಾಕಿ ಹುಡುಕುವುದು ನಮ್ಮ ಜನಕ್ಕೆ ಸಲೀಸು. ಈಗ ಗುರಿಯನ್ನು ಬರೆಯಬಹುದು: ಮೇ 31ರೊಳಗೆ 1,275 ಬಾಟಲಿ, ಅದರಲ್ಲಿ 300 ನೇರ ಮಾರಾಟ, ಕೈಗೆ ಉಳಿಯಬೇಕಾದದ್ದು 60,000. ಇಷ್ಟೇ. ಇದರ ಜೊತೆಗೆ ಹಪ್ಪಳ, ಹೋಮ್‌ಸ್ಟೇ, ಯೂಟ್ಯೂಬ್ ಚಾನೆಲ್ಲು ಅಂತ ಇನ್ನೂ ನಾಲ್ಕು ಗುರಿ ಸೇರಿಸಬೇಡಿ. ಒಂದು ಸೀಸನ್ನಿಗೆ ಒಂದು ಗುರಿ.

ನಿಮ್ಮ ಕೈಯಲ್ಲಿರುವ ಕೆಲಸ ಯಾವುದು?

300 ಬಾಟಲಿ ಯಾರೋ ಕೊಂಡರೆ ತಾನೇ ಹೋಗುವುದು. ಕೊಳ್ಳುವುದು ಅವರ ಕೈಯಲ್ಲಿದೆ. ಹೋಗಿ ಕೇಳುವುದು ಮಾತ್ರ ನಮ್ಮ ಕೈಯಲ್ಲಿದೆ. ಆದ್ದರಿಂದ ಫಲದ ಅಂಕಿಯ ಕೆಳಗೆ ಕೆಲಸದ ಅಂಕಿಯನ್ನೂ ಬರೆಯಬೇಕು.

ಇದಕ್ಕೆ ಅಮೆರಿಕದ ಮರದ ಲಾರಿಗಳ ಒಂದು ಒಳ್ಳೆ ಉದಾಹರಣೆ ಇದೆ. ಯಲ್ಲಾಪುರ, ದಾಂಡೇಲಿ ಕಡೆ ನಾಟಾ ಲಾರಿ ನೋಡಿದವರಿಗೆ ತಕ್ಷಣ ಅರ್ಥವಾದೀತು. ಗ್ಯಾರಿ ಲಾಥಮ್ ಎಂಬ ಸಂಶೋಧಕ ತನ್ನ ಜೊತೆಗಾರನೊಂದಿಗೆ 1975ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಲಾರಿ ಚಾಲಕರು ಕಾನೂನು ಒಪ್ಪುವ ತೂಕದ ಶೇ 60ರಷ್ಟು ಮಾತ್ರ ಮರ ಹೇರಿಕೊಂಡು ಓಡಾಡುತ್ತಿದ್ದರು. ಹೆಚ್ಚು ಟ್ರಿಪ್ಪು, ಹೆಚ್ಚು ಡೀಸೆಲ್ಲು. "ಆದಷ್ಟು ಜಾಸ್ತಿ ಹೇರಿ" ಎಂದು ಹೇಳಿದ್ದರಿಂದ ಏನೂ ಬದಲಾಗಿರಲಿಲ್ಲ. ಆಮೇಲೆ ಶೇ 94 ಎಂದು ಸ್ಪಷ್ಟವಾದ ಗುರಿ ಕೊಟ್ಟರು. ಹೆಚ್ಚಿಗೆ ಸಂಬಳವೇನೂ ಇಲ್ಲ. ಕೆಲವು ತಿಂಗಳಲ್ಲಿ ಹೇರುವ ತೂಕ ಶೇ 90ರ ಆಚೆ ಹೋಯಿತು. ಗುರಿಯ ಬಗ್ಗೆ ಎಡ್ವಿನ್ ಲಾಕ್ 1968ರಲ್ಲಿ ಬರೆದದ್ದು ಕೂಡ ಇದೇ ಧಾಟಿಯದು: ಕೈಲಾದಷ್ಟು ಮಾಡಿ ಎನ್ನುವುದಕ್ಕಿಂತ ಸ್ವಲ್ಪ ಕಷ್ಟದ, ಆದರೆ ಸ್ಪಷ್ಟವಾದ ಗುರಿ ಕೊಟ್ಟರೆ ಜನ ಚೆನ್ನಾಗಿ ಕೆಲಸ ಮಾಡುತ್ತಾರೆ.

ಲಾರಿ ಕಥೆಯಲ್ಲಿ ನಾನು ಗಮನಿಸಿದ್ದು ಬೇರೆ. ಎಷ್ಟು ಹೇರಬೇಕು ಎನ್ನುವುದು ಚಾಲಕನ ಕೈಯಲ್ಲೇ ಇತ್ತು, ಎಷ್ಟು ಹೇರಿದೆ ಎನ್ನುವುದು ತೂಕದ ಯಂತ್ರದಲ್ಲಿ ಆವತ್ತೇ ಕಾಣುತ್ತಿತ್ತು. ಮರದ ಬೆಲೆ ಏರಿಸಿ ಎಂದು ಅವನಿಗೆ ಗುರಿ ಕೊಟ್ಟಿದ್ದರೆ ಏನು ಮಾಡುತ್ತಿದ್ದ, ಪಾಪ?

ನಮ್ಮ ಅಕ್ಕನ ವಿಷಯಕ್ಕೆ ಬರೋಣ. 300 ಬಾಟಲಿ, ಆರು ವಾರ. ವಾರಕ್ಕೆ 50. ಮದುವೆ ಮನೆಯಲ್ಲಿ ಬಂದವರಿಗೆ ಆಸರಿಗೆ ಮುರುಗಲು ಪಾನಕ ಕೊಡುವುದು ನಮ್ಮ ಕಡೆ ಹೊಸದೇನಲ್ಲ. 300 ಜನರ ಕಾರ್ಯಕ್ಕೆ 15 ಬಾಟಲಿ ಹಿಡಿದೀತು. ವಾರಕ್ಕೆ ಮೂರು ಕಾರ್ಯದ ಮನೆ ಸಿಕ್ಕರೆ 45. ಉಳಿದ ಐದು ಮನೆಗೆ ಬಂದು ಒಯ್ಯುವವರಿಗೆ.

ಆದರೆ ಮದುವೆ ಮನೆಯಲ್ಲಿ ಪಾನಕ ಯಾವುದು ಎಂದು ನಿರ್ಧರಿಸುವವರು ಯಾರು? ಹೆಚ್ಚಿನ ಕಡೆ ಅಡಿಗೆ ಭಟ್ಟರು. ಸಾಮಾನಿನ ಪಟ್ಟಿ ಬರೆಸುವುದು ಅವರೇ. ಹಾಗಾದರೆ ಕೆಲಸದ ಅಂಕಿ ಹೀಗೆ: ವಾರಕ್ಕೆ ಐದು ಜನ ಅಡಿಗೆ ಭಟ್ಟರಿಗೆ ಫೋನು, ಅವರಲ್ಲಿ ಇಬ್ಬರಿಗೆ ಸ್ಯಾಂಪಲ್ ಬಾಟಲಿ. ಇದನ್ನು ಮಾಡಿದೆನೋ ಇಲ್ಲವೋ ಎನ್ನುವುದಕ್ಕೆ ಹೌದು ಅಥವಾ ಇಲ್ಲ ಎಂಬ ಉತ್ತರ ಬಿಟ್ಟು ಇನ್ನೇನೂ ಇಲ್ಲ. ಮಾರುಕಟ್ಟೆ ಸರಿ ಇಲ್ಲ, ಜನರ ಕೈಯಲ್ಲಿ ದುಡ್ಡಿಲ್ಲ, ಅಡಿಕೆ ರೇಟು ಬಿದ್ದಿದೆ ಎಂಬ ನೆಪಗಳಿಗೆ ಜಾಗವಿಲ್ಲ.

ನಿಮ್ಮದು ಬೇರೆ ವ್ಯಾಪಾರವಾದರೂ ಇದೇ ರೀತಿ. ಗೋಕರ್ಣದಲ್ಲಿ ಹೋಮ್‌ಸ್ಟೇ ಇಟ್ಟವರಿಗೆ "ಡಿಸೆಂಬರ್‌ನಲ್ಲಿ ಎಲ್ಲ ಕೋಣೆ ತುಂಬಬೇಕು" ಎನ್ನುವುದು ಫಲ. "ಹೊರಡುವ ಪ್ರತಿ ಅತಿಥಿಯ ಹತ್ತಿರ ವಿಮರ್ಶೆ ಬರೆಯಿರಿ ಎಂದು ಕೇಳುವುದು, ಹಳೆ ಅತಿಥಿಗಳಿಗೆ ಅಕ್ಟೋಬರ್‌ನಲ್ಲಿ ವಾಟ್ಸಾಪ್ ಮಾಡುವುದು" ಕೆಲಸ. ಅಂಕೋಲೆಯಲ್ಲಿ ಕರಿ ಇಶಾಡು ಮಾವು ಮಾರುವವರಿಗೆ ಹಣ್ಣು ಕೊಯ್ಯುವ ಮೊದಲೇ ಎಷ್ಟು ಮನೆಯಿಂದ ಆರ್ಡರ್ ಬರೆದುಕೊಂಡೆ ಎಂಬುದು ಕೆಲಸದ ಅಂಕಿ. ಆ ಹಣ್ಣು ಕಾಯುವುದಿಲ್ಲ.

ಮಳೆಯಿಂದ ಹಿಂದಕ್ಕೆ ಎಣಿಸಿ

ಕ್ಯಾಲೆಂಡರನ್ನು ಜನವರಿಯಿಂದ ಮುಂದಕ್ಕೆ ನೋಡುವುದು ರೂಢಿ. ಇಲ್ಲಿ ಜೂನ್ ಮೊದಲ ವಾರದಲ್ಲಿ ಬೆರಳಿಟ್ಟು ಹಿಂದಕ್ಕೆ ಬನ್ನಿ.

ಮೇ 31ಕ್ಕೆ ಕೊನೆ ಬಾಟಲಿ ತುಂಬಬೇಕು. ಅಂದರೆ ಏಪ್ರಿಲ್ ಮಧ್ಯಕ್ಕೆ ಒಲೆ ಹಚ್ಚಬೇಕು. ಅಷ್ಟರಲ್ಲಿ ಖಾಲಿ ಬಾಟಲಿ ಮನೆಗೆ ಬಂದಿರಬೇಕು. ಹಾಗಾದರೆ ಮಾರ್ಚ್‌ನಲ್ಲಿ ಆರ್ಡರ್. ಬಾಟಲಿಗೆ ಲೇಬಲ್ಲು ಬೇಕು, ಅದನ್ನು ಫೆಬ್ರವರಿಯಲ್ಲಿ ಪ್ರಿಂಟಿಗೆ ಕೊಡಬೇಕು. ಲೇಬಲ್ಲಿನ ಮೇಲೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರು ಇರಲೇಬೇಕು, ಹಾಗಾಗಿ ನೋಂದಣಿಯ ಅರ್ಜಿ ಜನವರಿಯಲ್ಲೇ ಹೋಗಬೇಕು. ಅಡಿಗೆ ಭಟ್ಟರಿಗೆ ಫೋನು ಮಾಡುವುದೂ ಫೆಬ್ರವರಿಯಿಂದಲೇ. ಮೇ ತಿಂಗಳ ಮುಹೂರ್ತಗಳು ಅಷ್ಟು ಹೊತ್ತಿಗೆ ನಿಶ್ಚಯವಾಗಿ ಅವರ ಡೈರಿ ತುಂಬಿರುತ್ತದೆ.

ನೋಡಿ, ಮೇ ತಿಂಗಳ ಗುರಿಯ ಮೊದಲ ಕೆಲಸ ಜನವರಿಯಲ್ಲಿ ಬಂದು ಕೂತಿತು. ಹಣ್ಣು ಬಿದ್ದ ಮೇಲೆ ಎದ್ದವರಿಗೆ ಬಾಟಲಿಯೂ ಸಿಗುವುದಿಲ್ಲ, ಗಿರಾಕಿಯೂ ಸಿಗುವುದಿಲ್ಲ. ಹಲಸಿನ ಹಪ್ಪಳಕ್ಕೂ ಇದೇ ಮಾತು. ಬಿಸಿಲು ಇರುವಾಗಲೇ ಒಣಗಿಸಬೇಕು. ಅಪ್ಪೆಮಿಡಿ ಇನ್ನೂ ಮೊದಲು, ಮಿಡಿ ಬಲಿಯುವುದರೊಳಗೆ ಕೊಯ್ದು ಉಪ್ಪಿಗೆ ಹಾಕಬೇಕು.

ದುಡ್ಡಿಗೂ ಇದೇ ಕ್ಯಾಲೆಂಡರ್ ಹಾಕಿ. 1,275 ಬಾಟಲಿಗೆ ತಲಾ 80ರಂತೆ 1,02,000 ರೂಪಾಯಿ ಖರ್ಚು. ಅದು ಮಾರ್ಚ್‌ನಿಂದ ಮೇವರೆಗೆ ಹೊರಗೆ ಹೋಗುತ್ತದೆ. ಅಂಗಡಿಯವರು ಕೊಡುವುದು? "ಚೌತಿ ಒಂದು ಆಗ್ಲಿ ಅಕ್ಕಾ, ಕೊಡ್ತೇನೆ." ಕಾಲೇಜು ಫೀಸು ಚೌತಿವರೆಗೆ ಕಾಯುತ್ತದೆಯೇ? ಹೀಗಾಗಿ 60,000 ಉಳಿಯಬೇಕು ಎಂಬ ಗುರಿಯ ಜೊತೆ ಅದು ಯಾವ ದಿನ ಕೈಗೆ ಬರಬೇಕು ಎನ್ನುವುದನ್ನೂ ಬರೆಯಿರಿ. ನೇರ ಮಾರಾಟದಲ್ಲಿ ದುಡ್ಡು ಆವತ್ತೇ ಬರುತ್ತದೆ ಎನ್ನುವುದು ಅದರ ದೊಡ್ಡ ಗುಣ. ಅಂಗಡಿಗೆ ಕೊಡುವಾಗ ಹಳೆ ಲೋಡಿನ ಅರ್ಧ ಹಣ ಬಂದ ಮೇಲೆಯೇ ಹೊಸ ಲೋಡು ಎಂಬ ಮಾತು ಮೊದಲೇ ಆಗಿರಲಿ.

ಕಾಗದ ಪತ್ರ, ಸಾಲ, ಗಡಿ

ಇದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಉಚಿತ. ಮಧ್ಯದವರು ದುಡ್ಡು ಕೇಳಿದರೆ ಕೊಡಬೇಡಿ, ಸರ್ಕಾರದ ಜಾಲತಾಣದಲ್ಲಿ ಆಧಾರ್ ಇಟ್ಟುಕೊಂಡು ನೀವೇ ಮಾಡಬಹುದು. ಮುದ್ರಾ ಸಾಲದಲ್ಲಿ ಶಿಶು ಎಂಬ ಮೊದಲ ಹಂತ 50,000 ರೂಪಾಯಿವರೆಗೆ, ಬಂಡವಾಳದ ಅರ್ಧ ಅಲ್ಲಿಂದ ಹುಟ್ಟೀತು. ತರಬೇತಿ ಬೇಕಿದ್ದರೆ ಹಳಿಯಾಳದಲ್ಲಿ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿ (ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆ) ಇದೆ. ಹಳ್ಳಿಯ ಯುವಕ ಯುವತಿಯರಿಗೆ ಉಚಿತವಾಗಿ ಕಲಿಸುತ್ತಾರೆ.

ಕರ್ನಾಟಕದಲ್ಲಿ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಹೋಮ್‌ಸ್ಟೇಯಂಥ ಸೇವೆಗೆ 20 ಲಕ್ಷ. ನಮ್ಮ ಉದಾಹರಣೆಯ ಅಕ್ಕ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಆದರೆ ಕಾರವಾರದವರು ಇಲ್ಲೊಂದು ಕಡೆ ಎಡವುತ್ತಾರೆ. ಮಾಜಾಳಿ ದಾಟಿದರೆ ಗೋವಾ. ಕಾಣಕೋಣ, ಮಡಗಾಂವ್ ಮಾರುಕಟ್ಟೆ ಶಿರಸಿಗಿಂತ ಹತ್ತಿರ. ಆದರೆ ತೆರಿಗೆ ಬೀಳುವ ಸರಕನ್ನು ಬೇರೆ ರಾಜ್ಯದ ಅಂಗಡಿಗೆ ಮಾರಿದರೆ 40 ಲಕ್ಷದ ಮಿತಿ ನಿಮಗಿಲ್ಲ, ವಹಿವಾಟು ಎಷ್ಟೇ ಸಣ್ಣದಿರಲಿ ನೋಂದಣಿ ಬೇಕು. ಗುರಿಯಲ್ಲಿ "ಗೋವಾಕ್ಕೆ 200 ಬಾಟಲಿ" ಎಂದು ಬರೆಯುವ ಮೊದಲು ಲೆಕ್ಕ ಬರೆಯುವವರನ್ನು ಒಂದು ಮಾತು ಕೇಳಿ.

ಹೀಗಾದರೆ ಹಾಗೆ

ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1999ರಲ್ಲಿ ಒಂದು ಸರಳ ಸಂಗತಿ ತೋರಿಸಿದರು. ಇಂಥದ್ದು ಮಾಡುತ್ತೇನೆ ಎಂದು ನಿಶ್ಚಯಿಸಿದವರಲ್ಲಿ, ಯಾವಾಗ, ಎಲ್ಲಿ, ಹೇಗೆ ಎಂದೂ ಮೊದಲೇ ಗೊತ್ತುಮಾಡಿಕೊಂಡವರು ಕೆಲಸ ಮುಗಿಸುವ ಸಂಭವ ಜಾಸ್ತಿ. "ಫೋನು ಮಾಡ್ತೇನೆ" ಎನ್ನುವುದಕ್ಕಿಂತ "ಮಂಗಳವಾರ ಮಧ್ಯಾಹ್ನ ಊಟದ ಪಾತ್ರೆ ಎತ್ತಿಟ್ಟ ಮೇಲೆ ಐದು ಫೋನು" ಎನ್ನುವುದು ನಡೆಯುತ್ತದೆ. ಅಡಿಗೆ ಭಟ್ಟರು ಆ ಹೊತ್ತಿಗೆ ಸ್ವಲ್ಪ ಬಿಡುವಾಗಿಯೂ ಇರುತ್ತಾರೆ.

ಅಡ್ಡಿಗಳಿಗೂ ಇದನ್ನೇ ಬಳಸಿ. ಎರಡು ದಿನ ಕರೆಂಟು ಹೋದರೆ ಮಿಕ್ಸರ್ ಕೆಲಸ ಯಾರ ಮನೆಯಲ್ಲಿ? ಸಕ್ಕರೆ ರೇಟು ಕಿಲೋಗೆ 5 ರೂಪಾಯಿ ಏರಿದರೆ ಬಾಟಲಿಗೆ ಎಷ್ಟು ಏರಿಸುವುದು? ಏಪ್ರಿಲ್ ಕೊನೆಗೆ 80 ನೇರ ಬಾಟಲಿ ಹೋಗದಿದ್ದರೆ ಇನ್ಯಾವ ಅಂಗಡಿ? ಉತ್ತರಗಳನ್ನು ತಂಪು ತಲೆಯಲ್ಲಿ ಫೆಬ್ರವರಿಯಲ್ಲೇ ಬರೆದಿಡಿ.

ರಸ್ತೆಯನ್ನೂ ಈ ಪಟ್ಟಿಗೆ ಸೇರಿಸಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ರಾಷ್ಟ್ರೀಯ ಹೆದ್ದಾರಿ 66 ಬಂದಾಯಿತು. ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಬಿತ್ತು. ಒಂದೇ ಹೆದ್ದಾರಿ, ಒಂದೇ ಊರಿನ ಗಿರಾಕಿ ಎಂದು ನಂಬಿದವರಿಗೆ ಆ ಮಳೆಗಾಲ ಏನಾಯಿತೆಂದು ಬೇರೆ ಹೇಳಬೇಕಿಲ್ಲ. ಮಳೆಗಾಲದಲ್ಲಿ ಕಳಿಸಬೇಕಾದ ಸರಕಿದ್ದರೆ ಘಟ್ಟದ ಮೇಲೆ ಒಂದಿಷ್ಟು, ಕೆಳಗೆ ಒಂದಿಷ್ಟು ಮೇ ತಿಂಗಳಲ್ಲೇ ಇಟ್ಟುಬಿಡುವುದು ಒಳ್ಳೆಯದು.

ವಾರಕ್ಕೊಮ್ಮೆ ಕೂರುವುದು

ಪಿಗ್ಮಿ ಗೊತ್ತಲ್ಲ? 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಶುರು ಮಾಡಿದ ದಿನದ ಉಳಿತಾಯದ ಯೋಜನೆ, ಆಗ ಉಡುಪಿಯಲ್ಲಿ ದಿನಕ್ಕೆ ಎರಡಾಣೆ ಕಟ್ಟಿದರೂ ಆಗುತ್ತಿತ್ತು. ಏಜೆಂಟ್ ಬಾಗಿಲಿಗೇ ಬಂದು ಒಯ್ಯುತ್ತಿದ್ದ. ಇವತ್ತಿಗೂ ನಮ್ಮ ಸೊಸೈಟಿಗಳಲ್ಲಿ ಅದು ನಡೆಯುತ್ತಿದೆ. ಅಂಗಡಿಯವರು ಪಿಗ್ಮಿಯಲ್ಲಿ ಉಳಿಸಿದಷ್ಟು ಬೇರೆ ಯಾವುದರಲ್ಲೂ ಉಳಿಸುವುದಿಲ್ಲ. ಮೊತ್ತ ಸಣ್ಣದು ಎನ್ನುವುದು ಒಂದು ಕಾರಣ, ಸಂಜೆ ಒಬ್ಬ ಮನುಷ್ಯ ಬಂದು ಎದುರು ನಿಲ್ಲುತ್ತಾನೆ ಎನ್ನುವುದು ಇನ್ನೊಂದು. ಗುರಿಗೂ ಅಂಥ ಒಬ್ಬರು ಬೇಕು. ಗಂಡ, ಅಕ್ಕ, ಸ್ವಸಹಾಯ ಸಂಘದ ಗೆಳತಿ, ಪಕ್ಕದ ಅಂಗಡಿಯವರು, ಯಾರಾದರೂ ಸರಿ. ಬಯ್ಯುವವರು ಬೇಡ, ಮರೆಯದೆ ಕೇಳುವವರು ಬೇಕು.

ವಾರಕ್ಕೊಮ್ಮೆ ಕಾಲು ಗಂಟೆ ಸಾಕು. ಒಂದು ನೋಟುಬುಕ್ಕಿನಲ್ಲಿ ನಾಲ್ಕು ಗೆರೆ ಎಳೆಯಿರಿ. ಈ ವಾರ ಮಾಡಬೇಕಿದ್ದ ಕೆಲಸ, ಮಾಡಿದ್ದು, ಬಂದ ಫಲ, ಮುಂದಿನ ವಾರ ಬದಲಾಯಿಸುವುದು. ಐದು ಫೋನಿನ ಜಾಗದಲ್ಲಿ ಎರಡು ಅಂತಿದ್ದರೆ ಯಾಕೆ ಎಂದು ಬರೆಯಿರಿ. ಐದೂ ಮಾಡಿ ಒಂದೂ ಆರ್ಡರ್ ಬರದಿದ್ದರೆ ಅದು ಬೇರೆಯೇ ಸಮಸ್ಯೆ. ಮೊದಲನೆಯದಕ್ಕೆ ಮದ್ದು ಸಮಯ ಹೊಂದಿಸುವುದು. ಎರಡನೆಯದಕ್ಕೆ ಬೆಲೆಯನ್ನೋ ರುಚಿಯನ್ನೋ ಕೇಳುವ ಜನರನ್ನೋ ಬದಲಿಸುವುದು. ಈ ಎರಡನ್ನೂ ಬೆರೆಸಿ "ಈ ವಾರ ಆಗ್ಲಿಲ್ಲ" ಎಂದು ಪುಟ ಮಗುಚುವವರೇ ಜಾಸ್ತಿ.

ಮೂರು ವಾರ ಸತತ ಕೆಲಸ ಪೂರ್ತಿ ಮಾಡಿಯೂ ಫಲದ ಅಂಕಿ ಅರ್ಧಕ್ಕಿಂತ ಕೆಳಗೇ ಇದ್ದರೆ ದಾರಿ ಬದಲಿಸಿ. ಗುರಿಯನ್ನು ಅಲ್ಲ, ದಾರಿಯನ್ನು. ಹಣ್ಣೇ ಕಡಿಮೆ ಬಂದಿದ್ದರೆ ಮಾತ್ರ ಗುರಿಯ ಅಂಕಿಯನ್ನೇ ಇಳಿಸಿ. ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ, ಮರದ ಮೇಲೆ ಇಲ್ಲದ ಹಣ್ಣನ್ನು ಪುಸ್ತಕದಲ್ಲಿ ಹುಟ್ಟಿಸಲು ಆಗುವುದಿಲ್ಲ.

ಅಂಕಿಯ ಹಿಂದೆ ಬಿದ್ದು ಕೆಡುವುದು

ಗುರಿಯಿಂದ ಹಾಳಾದವರೂ ಇದ್ದಾರೆ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನಲ್ಲಿ ಒಬ್ಬೊಬ್ಬ ಗ್ರಾಹಕನಿಗೂ ಎಂಟು ಸೇವೆ ಮಾರಬೇಕೆಂಬ ಒತ್ತಡ ಇತ್ತು. ನೌಕರರು ಗ್ರಾಹಕರಿಗೆ ತಿಳಿಸದೆ ಅವರ ಹೆಸರಲ್ಲಿ ಖಾತೆ ತೆರೆದು ಅಂಕಿ ತುಂಬಿಸಿದರು. 2016ರಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು.

ನಮ್ಮ ಅಳತೆಯಲ್ಲಿ ಇದು ಹೇಗಿರುತ್ತದೆ ಅಂದರೆ, ಮೇ 20 ಆಯಿತು, 200 ಬಾಟಲಿ ಬಾಕಿ ಇದೆ. ಅರ್ಧ ಬಲಿತ ಹಣ್ಣು ಸೇರಿಸಿದರೆ ಏನಾಗುತ್ತದೆ, ಸ್ವಲ್ಪ ಬಣ್ಣ ಹಾಕಿದರೆ ಯಾರಿಗೆ ಗೊತ್ತಾಗುತ್ತದೆ ಅನ್ನಿಸುತ್ತದೆ. ಗೊತ್ತಾಗುತ್ತದೆ. ಮುರುಗಲು ಕುಡಿದು ಬೆಳೆದ ಊರು ಇದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುವ ಗಾದೆಯನ್ನು ಅಡಿಕೆ ಸೀಮೆಯವರಿಗೆ ನಾನು ವಿವರಿಸಬೇಕಿಲ್ಲ. ಆದ್ದರಿಂದ ಗುರಿ ಬರೆದ ಪುಟದಲ್ಲೇ ಕೆಳಗೆ ಎರಡು ಸಾಲು ಸೇರಿಸಿ, ಯಾವುದನ್ನು ಮಾಡುವುದಿಲ್ಲ ಎಂದು. ಹೊರಗಿನ ಬಣ್ಣ ಹಾಕುವುದಿಲ್ಲ. ರಾತ್ರಿ 9ರ ಮೇಲೆ ಒಲೆ ಹಚ್ಚುವುದಿಲ್ಲ. ಎರಡನೆಯ ಸಾಲೂ ಮೊದಲನೆಯದರಷ್ಟೇ ಮುಖ್ಯ. ಅಂಕಿ ಮುಟ್ಟಿಯೂ ಮನೆಯವರ ಆರೋಗ್ಯ ಕೆಟ್ಟರೆ ಉಳಿದ 60,000 ಆಸ್ಪತ್ರೆಗೆ ಹೋಗುತ್ತದೆ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ, ನೆನಪು ಹಸಿಯಾಗಿರುವಾಗಲೇ, ಒಂದು ಮಧ್ಯಾಹ್ನ ಕೂತು ಸೀಸನ್ನಿನ ಲೆಕ್ಕ ಮುಗಿಸಿಬಿಡಿ. ಬಾಟಲಿ ಎಷ್ಟು ಹೋಯಿತು, ಬಾಟಲಿಗೆ ನಿಜವಾಗಿ ಎಷ್ಟು ಉಳಿಯಿತು, ಯಾವ ಅಡಿಗೆ ಭಟ್ಟರು ಎರಡನೆಯ ಸಲ ಕರೆದರು, ಯಾವ ಅಂಗಡಿಯ ಬಾಕಿ ಎಷ್ಟು ದಿನ ನಿಂತಿತು. ಮುಂದಿನ ಜನವರಿಯಲ್ಲಿ ನೀವು ಮೊದಲು ತೆಗೆಯಬೇಕಾದ ಪುಟ ಅದೇ. ಅಲ್ಲಿಯವರೆಗೆ ಬಾಕಿ ಇಟ್ಟ ಅಂಗಡಿಗಳಿಗೆ ವಾರಕ್ಕೊಂದು ಫೋನು ನಡೆಯುತ್ತಿರಲಿ, ಚೌತಿ ಬರುವವರೆಗೂ.